ಕೊಡ ತುಂಬುವುದರೊಳಗೆ ಒಂದು ಒಡಪು

ಇವತ್ತು ಬೆಳಗ್ಗೆ ಹಳೆಯ ಕಟ್ಟಿಗೆ ಪೆಟ್ಟಿಗೆಯನ್ನು ಮಹಡಿಯ ಕೋಣೆಗೆ ಸಾಗಿಸುತ್ತಿದ್ದೆ. ಮಹಡಿ ಎಂದರೆ ದೊಡ್ಡದೇನೂ ಅಲ್ಲ. ಹೊಸಪೇಟೆ ಚಿತ್ತವಾಡ್ಗಿಯ ನಮ್ಮ ಮನೆಯ ಮಾಳಿಗೆಯ ಮೇಲೆ ಈಚೆಗೆ ಎತ್ತಿಸಿದ ಒಂದೇ ಒಂದು ಕೋಣೆ, ಒಂದು ಕಿಟಕಿ, ಇನ್ನೂ ಸುಣ್ಣದ ಹಸಿ ಆರಿಲ್ಲ. ಮೆಟ್ಟಿಲ ನಡುವೆ ದಣಿವಾಗಿ ಪೆಟ್ಟಿಗೆ ಇಳಿಸಿ, ಭಾರ ಕಡಿಮೆ ಮಾಡೋಣವೆಂದು ಮುಚ್ಚಳ ತೆಗೆದೆ. ತಳದಲ್ಲಿ ಒಂದು ಹಸಿರು ಗಾಜಿನ ಬಳೆ, ಅದರ ಸುತ್ತ ಒಂದಿಷ್ಟು ಒಣಹುಲ್ಲು. ಗಾಜಿನ ಬಳೆ ಕಟ್ಟಿ ತರುವ ಆ ಹುಲ್ಲಿಗೆ ಒಂದು ವಾಸನೆ ಇದೆ, ನೋಡಿ. ಬಣವೆಯ ಪಕ್ಕ ಮಲಗಿ ಎದ್ದವರಿಗೆ ಗೊತ್ತಿರುತ್ತದೆ. ನಾನು ಪೆಟ್ಟಿಗೆ ಮರೆತು ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟೆ.

ಕೆಳಗಿನಿಂದ ಗಂಗಾಳ ದನಿ ಬಂತು. ಗಂಗಾ ನನ್ನ ಹೆಂಡತಿ. "ಏನ್ರಿ, ಪೆಟಿಗಿ ಮ್ಯಾಲ ಇಟ್ರೋ, ಇಲ್ಲಾ ನೀವ ಪೆಟಿಗ್ಯಾಗ ಕುಂತ್ರೋ?"

ಬರುವ ಶುಕ್ರವಾರ ಆ ಕೋಣೆಯ ಪೂಜೆ. ನಾಲ್ಕು ಮನೆಯ ಹೆಣ್ಣುಮಕ್ಕಳು ಬರುತ್ತಾರೆ. ಅವರೆಲ್ಲ ಸೇರಿ ಒಂದು ಹುಕುಂ ಮಾಡಿದ್ದಾರೆ: ಈ ಸಲ ಹೆಂಗಸರು ಗಂಡನ ಹೆಸರು ಹೇಳುವುದಲ್ಲ, ಮನೆಯ ಯಜಮಾನನೇ ಹೆಂಡತಿಯ ಹೆಸರನ್ನು ಒಡಪಿನಲ್ಲಿ ಹೇಳಬೇಕು. ಹೇಳದಿದ್ದರೆ ಹೊಸ್ತಿಲು ದಾಟಿಸುವುದಿಲ್ಲವಂತೆ. ಒಡಪು ಕಟ್ಟಿಯೇ ಬದುಕಿದವನು ನಾನು. ಒಂದು ವಾರದಿಂದ ತಿಣುಕುತ್ತಿದ್ದೇನೆ, ಒಂದು ಸಾಲೂ ಹುಟ್ಟಿಲ್ಲ.

ಒಡಪು ಗೊತ್ತಿಲ್ಲದವರು ನಿಮ್ಮಲ್ಲಿ ಇರಬಹುದು. ನಮ್ಮ ಕಡೆ ಮದುವೆ, ಬಸುರಿಗೆ ಬಳೆ ತೊಡಿಸುವ ಕುಬುಸ, ತೊಟ್ಟಿಲು, ಯಾವ ಕಾರ್ಯವೇ ಇರಲಿ, ಹೆಣ್ಣುಮಕ್ಕಳನ್ನು ನಿಲ್ಲಿಸಿ "ಗಂಡನ ಹೆಸರು ಹೇಳು" ಎಂದು ಕಾಡುತ್ತಾರೆ. ಹೆಸರನ್ನು ಬರಿದೇ ಹೇಳುವಂತಿಲ್ಲ. ಎರಡು ಸಾಲಿನ ಪದ ಕಟ್ಟಿ, ಕೊನೆಯಲ್ಲಿ ಹೆಸರನ್ನು ಸಿಕ್ಕಿಸಿ ಹೇಳಬೇಕು. ಚೆನ್ನಾಗಿ ಹೇಳಿದವಳ ಮಾತು ವರ್ಷಗಟ್ಟಲೆ ಉಳಿಯುತ್ತದೆ. ತೊದಲಿದವಳ ಮಾತೂ ಉಳಿಯುತ್ತದೆ, ಅದೇ ಭಯ.

ನಾನು ಈ ಕಸುಬಿಗೆ ಬಂದದ್ದು ಆಸೆಪಟ್ಟಲ್ಲ. ಒಂಬತ್ತನೇ ಕ್ಲಾಸಿನಲ್ಲಿ ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ, ಯಾರನ್ನೂ ದೂರುವುದಿಲ್ಲ; ಮನೆಯಲ್ಲಿ ದುಡಿಯುವ ಕೈ ಬೇಕಿತ್ತು, ನನ್ನ ಕೈ ಖಾಲಿ ಇತ್ತು. ಲಾರಿ ಕ್ಲೀನರ್ ಆದೆ. ಮುಂದೆ ಸಂಡೂರಿನ ಕಡೆ ಒಂದು ಗಣಿಯಲ್ಲಿ ಲಾರಿ ಚೀಟಿ ಬರೆಯುವ ಕೆಲಸ ಸಿಕ್ಕಿತು. ಕೆಂಪು ಧೂಳಿನಲ್ಲಿ ಕುಳಿತು ಮುತ್ತಿನಂಥ ಅಕ್ಷರ ಬರೆಯುತ್ತಿದ್ದೆ. ಚಹಾದಂಗಡಿಯಲ್ಲಿ ಮಿರ್ಚಿ ಕಟ್ಟಿ ಕೊಟ್ಟ ಪೇಪರನ್ನೂ ಎಣ್ಣೆ ಒರೆಸಿ ಓದಿಯೇ ಬಿಸಾಡುತ್ತಿದ್ದೆ. ಗಣಿ ನಿಂತಾಗ ಉಳಿದವರು ಬೇರೆ ಕೆಲಸ ಹುಡುಕಿಕೊಂಡು ಹೋದರು. ನಾನು ಬರೆದೇ ಬದುಕುತ್ತೇನೆ ಎಂದು ಊರೆಲ್ಲ ಹೇಳಿಕೊಂಡು ಓಡಾಡಿದೆ. ಈಗ ನೆನೆದರೆ ನಗು ಬರುತ್ತದೆ. ಆದರೆ ಆ ಜಂಬ ಇರದಿದ್ದರೆ ಇವತ್ತು ಈ ಮೆಟ್ಟಿಲೂ ಇರುತ್ತಿರಲಿಲ್ಲ.

ಕೆಲಸ ಬರುತ್ತಿತ್ತು, ಇಲ್ಲವೆನ್ನುವುದಿಲ್ಲ. ಆಟೋದಲ್ಲಿ ಮೈಕು ಕಟ್ಟಿ ಕೂಗುವ ಜಾಹೀರಾತು, ಅಂಗಡಿ ಉದ್ಘಾಟನೆಯ ಕರಪತ್ರ, ತೀರಿಹೋದವರ ಫ್ಲೆಕ್ಸಿನ ಎರಡು ಸಾಲು. ಎಲ್ಲಕ್ಕಿಂತ ಹೆಚ್ಚಾಗಿ ಅಭಿನಂದನಾ ಪತ್ರ. ನಿವೃತ್ತಿಯಾಗುವ ಪ್ರತಿಯೊಬ್ಬರೂ ನನ್ನ ಕೈಯಲ್ಲಿ ಜ್ಞಾನಸಾಗರ, ಕರುಣಾಸಿಂಧು, ಶಿಸ್ತಿನ ಸಿಪಾಯಿ. ಚೌಕಟ್ಟು ಹಾಕಿಸಿ ವೇದಿಕೆಯ ಮೇಲೆ ಓದುತ್ತಿದ್ದರು. ಕೊನೆಗೆ ನನ್ನನ್ನೂ ಕರೆದು ಒಂದು ಶಾಲು ಹೊದಿಸುತ್ತಿದ್ದರು. ಅಷ್ಟೇ. ಶಾಲು ಹೊದಿಸಿದ ಮೇಲೆ ಮಜೂರಿ ಕೇಳಲು ನಾಲಿಗೆ ಏಳುತ್ತದೆಯೇ?

ನಮ್ಮ ಮನೆಯಲ್ಲಿ ಶಾಲಿನ ಪರದೆ, ಶಾಲಿನ ದಿಂಬುಚೀಲ, ಟಿವಿಯ ಮೇಲೆ ಶಾಲು, ಹೊಲಿಗೆ ಮಷೀನಿನ ಮೇಲೆ ಶಾಲು. ಒಂದು ದಿನ ಗಂಗಾ ಹೊಸ ಶಾಲನ್ನು ಒಲೆಯ ಹತ್ತಿರ ಹಿಡಿದುಕೊಂಡು ಕೇಳಿದಳು, "ಇದನ್ನ ಕುದಿಸಿದ್ರ ಸಾರು ಆಗ್ತೈತೇನ್ರಿ? ಜರಿ ಬ್ಯಾರೆ ಐತಿ, ಒಗ್ಗರಣಿ ಬ್ಯಾಡ ಅನಸ್ತೈತಿ."

ಆ ಹೊತ್ತಿಗೇ ಭಾವ ವಿರೂಪಾಕ್ಷಪ್ಪನವರು ಬಂದದ್ದು. ಗಂಗಾಳ ಅಣ್ಣ. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇದೆ. ಯಾರ ಮನೆಗೆ ಹೋದರೂ ಡಬ್ಬದಿಂದ ಒಂದು ಅಕ್ಕಿಕಾಳು ತೆಗೆದು ಹಲ್ಲಲ್ಲಿ ಕಟ್ಟೆಂದು ಕಡಿದು ನೋಡುವುದು ಅವರ ಚಟ. ನಮ್ಮ ಡಬ್ಬದ ಕಾಳನ್ನೂ ಕಡಿದರು. ಮುಖ ಹುಳ್ಳಗಾಯಿತು.

"ಭಾವಾರ, ಬರೀರಿ, ಬ್ಯಾಡ ಅಂದೋರ್ಯಾರು? ನಮ್ಮ ಮಿಲ್ಲಿನ್ಯಾಗ ಕುಂತು ಬರೀರಿ. ಬಂದ ಚೀಲ, ಹೋದ ಚೀಲ. ನಿಮ್ಮ ಅಕ್ಷರಕ್ಕ ಫ್ಯಾನು, ಕುರ್ಚಿ, ತಿಂಗಳಾದ ಕೂಡ್ಲೆ ಪಗಾರ."

"ವಿಚಾರ ಮಾಡ್ತೀನ್ರಿ."

"ಮಾಡ್ರಿ, ಮಾಡ್ರಿ. ಮಗಳ ಕುಬುಸ ಇನ್ನ ನಾಕು ತಿಂಗಳಿಗೆ ಐತಲ್ಲ, ಅವತ್ತು ಬಂದು ಹೂಂ ಅನ್ರಿ. ಸುಗ್ಗಿ ಸುರು ಆದ್ರ ನಾನು ಬ್ಯಾರೆಯವ್ರನ್ನ ಕುಂದ್ರಸಬೇಕಾಗ್ತೈತಿ."

ಅವರು ಹೋದ ಮೇಲೆ ಗಂಗಾ ಅಕ್ಕಿ ಡಬ್ಬದ ಮುಚ್ಚಳ ಹಾಕಿ ಒಳಗೆ ಹೋದಳು. ಅವಳು ಬೈದಿದ್ದರೆ ಸುಖವಿತ್ತು. ನನಗೆ ಉಳಿದದ್ದು ಕುಬುಸದವರೆಗಿನ ದಿನಗಳು. ಅಷ್ಟರೊಳಗೆ ಬರವಣಿಗೆಯಿಂದ ಮನೆ ನಡೆಯುತ್ತದೆಂದು ತೋರಿಸಬೇಕು, ಇಲ್ಲವೇ ಕಂಪ್ಲಿಯ ಕುರ್ಚಿಯಲ್ಲಿ ಕುಳಿತು ಚೀಲ ಬರೆದುಕೊಳ್ಳಬೇಕು.

ಹೀಗಿರುವಾಗ ಹುಲಿಗೆಮ್ಮಕ್ಕ ನನ್ನ ಬಾಗಿಲಿಗೆ ಬಂದಳು. ಹುಲಿಗೆಮ್ಮಕ್ಕ ಬಳೆಗಾರ್ತಿ. ಭುಜಕ್ಕೆ ಬಳೆಯ ಮಲಾರ, ಬಾಯಿಗೆ ಎಲೆ ಅಡಿಕೆ. ಹೊಸಪೇಟೆಯ ಓಣಿಗಳಷ್ಟೇ ಅಲ್ಲ, ಬಂಡ್ರಿ, ಮರಿಯಮ್ಮನಹಳ್ಳಿಯ ಕಡೆಗೂ ಬಸ್ಸು ಹತ್ತಿ ಹೋಗುತ್ತಿದ್ದಳು. ಪಕ್ಕದ ಮನೆಯ ಮದುವಣಗಿತ್ತಿಗೆ ಬಳೆ ಇಡಿಸಲು ಬಂದವಳು, ನಾನು ಒಂದು ಅಭಿನಂದನಾ ಪತ್ರವನ್ನು ಗಟ್ಟಿಯಾಗಿ ಓದುವುದನ್ನು ಗೋಡೆಯಾಚೆ ಕೇಳಿಸಿಕೊಂಡಿದ್ದಳು.

"ತಮ್ಮಾ, ಅದೇನು ಒದರಾಕತ್ತಿದ್ದಿ?"

"ಬರದಿದ್ದು ಓದ್ತೀನಕ್ಕಾ. ಬರಿಯಾದು ನನ್ನ ಕೆಲಸ."

"ಹಂಗಾರ ಒಂದು ಒಡಪು ಬರದು ಕೊಡು. ಆ ಹುಡುಗಿ ಹೆದ್ರಿ ಅಳಾಕತ್ತೈತಿ. ಕೈ ಸೆಟದು ಬಳಿ ಏರವಲ್ದು. ಮಂದ್ಯಾಗ ಹೆಸರು ಹೇಳಾದು ಹೆಂಗಂತ."

ನನಗೆ ಅವಮಾನವಾಯಿತು ಎಂದೇ ಹೇಳುತ್ತೇನೆ. ವೇದಿಕೆಯ ಮೇಲೆ ಓದುವಂಥದ್ದನ್ನು ಬರೆಯುವವನು ನಾನು. ಹೆಂಗಸರ ಒಡಪು ಬರೆಯಲೇ? ಆದರೂ ತೋರಿಸಿಬಿಡೋಣ ಎಂದು ಕುಳಿತು ಬರೆದೆ. ವಿಜಯನಗರದ ವೈಭವ, ವಿರಾಜಮಾನ, ಪ್ರಾಣಕಾಂತ, ಎಲ್ಲವನ್ನೂ ತುರುಕಿದೆ. ಹುಲಿಗೆಮ್ಮಕ್ಕ ಹೋಗಿ ಹುಡುಗಿಯಿಂದ ಹೇಳಿಸಿ ನೋಡಿ ತಿರುಗಿ ಬಂದಳು.

"ಲೇ ತಮ್ಮಾ, ಇದನ್ನ ಹೇಳಬೇಕಂದ್ರ ಆ ಹುಡುಗಿ ಹೊಸ ಹಲ್ಲು ಕಟ್ಟಿಸ್ಕೊಂಡು ಬರಬೇಕು. ಇದು ಗಂಡನ ಹೆಸರೋ, ವಿಜಯನಗರದ ಕ್ವಾಟಿ ಬಾಗಿಲೋ?"

ನಾನು ಸಿಟ್ಟಾದೆ. ಅವಳು ಸಿಟ್ಟಾಗಲಿಲ್ಲ, ನನ್ನ ಕೈ ಹಿಡಿದು ಹೆಬ್ಬೆರಳ ಬುಡ ಒತ್ತಿದಳು. "ನಾನು ಬಳಿ ಹೆಂಗ ಇಡಸ್ತೀನಿ ನೋಡೀಯೇನು? ಮೊದ್ಲು ಕೈ ಹಿಚುಕಿ ನೋಡ್ತೀನಿ. ಮೆತ್ತಗ ಐತೋ, ಹೊಲದಾಗ ಗೇದ ಕೈಯೋ. ಆಮ್ಯಾಲ ಮಲಾರಕ್ಕ ಕೈ ಹಾಕ್ತೀನಿ. ನೀನು ಕೈ ನೋಡ್ದ ಬಳಿ ತಗದು ಕುಂತೀಯಲ್ಲೋ! ಒಡೀದ ಇನ್ನೇನಾಗ್ತೈತಿ?"

ಹುಡುಗಿಯ ಗಂಡನಾಗುವವನು ಏನು ಮಾಡುತ್ತಾನೆ, ನೋಡಲು ಬಂದಾಗ ಏನು ಮಾತಾಡಿದ ಎಂದು ನಾನು ಆಮೇಲೆ ಕೇಳಿದೆ. ಆತ ಬೇಕರಿಯಲ್ಲಿ ಕೆಲಸ ಮಾಡುವವನು. ನೋಡಲು ಬಂದ ದಿನ ಗಾಬರಿಗೆ ಚಹಾ ಲೋಟವನ್ನು ತಲೆಕೆಳಗು ಇಟ್ಟನಂತೆ. ಇಷ್ಟು ಸಾಕಾಯಿತು. ಒಡಪು ಹುಟ್ಟಿತು. ಮದುವೆಯ ಮನೆ ನಕ್ಕಿತು. ಮರುವಾರವೇ ಹುಲಿಗೆಮ್ಮಕ್ಕ ಬಂಡ್ರಿಯಿಂದ ಇನ್ನೊಂದು ತಂದಳು. ಗಂಡ ಟಿಪ್ಪರ್ ಡ್ರೈವರ್, ಸದಾ ಫೋನು. ಅದಕ್ಕೆ ಹೀಗೆ ಬರೆದೆ:

"ಉಣ್ಣಾಗ ಫೋನು, ಮಲಗಾಗ ಫೋನು, ಕೈಯಾಗಿಂದು ಬಿಡವಲ್ರು,
ಚಾರ್ಜು ತೀರಿದಾಗ ನನ್ನ ಮಾರಿ ನೋಡ್ತಾರ, ಬಸವರಾಜ ನಮ್ಮವ್ರು."

ಅಲ್ಲಿಂದ ಸುರುವಾಯಿತು. ಒಂದು ಕಷ್ಟವಿತ್ತು. ಅಭಿನಂದನಾ ಪತ್ರದಲ್ಲಿ ಹೆಸರು ಬದಲಿಸಿದರೆ ಸಾಕು, ಜ್ಞಾನಸಾಗರ ಯಾರಿಗಾದರೂ ಒಪ್ಪುತ್ತದೆ. ಒಡಪು ಹಾಗಲ್ಲ. ಒಂದು ಮನೆಯಲ್ಲಿ ಹೇಳಿದ್ದು ನಾಳೆ ಓಣಿಯ ಬಾಯಲ್ಲಿ ಇರುತ್ತದೆ, ಇನ್ನೊಬ್ಬಳಿಗೆ ಕೊಡಲಾಗದು. ದಿನಕ್ಕೊಂದು ಹೊಸದು ಬೇಕು. ಅದಕ್ಕೆ ಹೊತ್ತು ಬೇಕು. ಹೊತ್ತು ಸಿಕ್ಕಿದ್ದು ನಮ್ಮ ನಳದ ಹತ್ತಿರ.

ನಮ್ಮ ಓಣಿಯಲ್ಲಿ ಬೆಳಗ್ಗೆ ನೀರು ಬಿಡುತ್ತಾರೆ. ಗಂಗಾ ಕೊಡಗಳನ್ನು ಸಾಲಾಗಿ ಇಡುತ್ತಾಳೆ. ನೀರು ಸಣ್ಣಗೆ ಬರುವುದರಿಂದ ಒಂದು ಕೊಡ ತುಂಬಲು ತಡವಾಗುತ್ತದೆ. ನಾನು ಕಟ್ಟೆಯ ಮೇಲೆ ಕುಳಿತು ಒಂದು ಕೊಡ ತುಂಬುವುದರೊಳಗೆ ಒಂದು ಒಡಪು ಎಂದು ನೇಮ ಮಾಡಿಕೊಂಡೆ. ಬಾಯಲ್ಲೇ ಕಟ್ಟುವುದು, ಗಟ್ಟಿಯಾಗಿ ಹೇಳುವುದು, ಎಡವಿದ ಕಡೆ ಮುರಿದು ಮತ್ತೆ ಕಟ್ಟುವುದು. ಸ್ಫೂರ್ತಿ ಬರಲಿ ಎಂದು ಕಾಯುವಂತಿರಲಿಲ್ಲ, ನಳ ನಿಂತುಬಿಡುತ್ತದೆ. ಮಾತಿನ ಗುಂಗಿನಲ್ಲಿ ಎಷ್ಟೋ ಸಲ ಕೊಡ ತುಂಬಿ ಚೆಲ್ಲಿದೆ. ಗಂಗಾ ಒಳಗಿನಿಂದ ಓಡಿ ಬಂದು ಕೊಡ ಎತ್ತಿಕೊಂಡು ಹೋಗುತ್ತಿದ್ದಳು. ಹೋಗುವಾಗ ಒಂದು ಮಾತು ಬಿಸಾಡುತ್ತಿದ್ದಳು, "ಆ ಎರಡನೇ ಸಾಲು ಕುಂಟಾಕತ್ತೈತಿ, ನೋಡ್ಕೋರಿ." ನೋಡಿದರೆ ಕುಂಟುತ್ತಿರುತ್ತಿತ್ತು. ನನಗೆ ರೇಗುತ್ತಿತ್ತು.

ಹೆಸರಿನ ವಿಷಯ ಬೇರೆ ಇತ್ತು. ಬರೆಯುವವನು ಗಂಡಸು ಎಂದು ಗೊತ್ತಾದರೆ ಹುಡುಗಿಯರು ಮನೆಯ ಮಾತು ಬಾಯಿಬಿಡುವುದಿಲ್ಲ ಎಂದು ಹುಲಿಗೆಮ್ಮಕ್ಕ ಒಂದು ಕತೆ ಕಟ್ಟಿದ್ದಳು. ಹಂಪಿಯ ಕಡೆ ಒಬ್ಬ ಅಜ್ಜಿ ಇದ್ದಾಳೆ, ಕಣ್ಣು ಕಾಣುವುದಿಲ್ಲ, ಹೊಳೆದಂಡೆಯಲ್ಲಿ ಕುಳಿತು ಒಡಪು ಕಟ್ಟುತ್ತಾಳೆ, ಅಂತ. ಜನ ನಂಬಿದರು. ಹಂಪಿ ಎಂದರೆ ಏನನ್ನು ಬೇಕಾದರೂ ನಂಬುತ್ತಾರೆ. ಮಜೂರಿಯ ಜೊತೆಗೆ ಅಜ್ಜಿಗೆಂದು ಎಲೆ ಅಡಿಕೆ, ರವಿಕೆಯ ಕಣ, ಒಮ್ಮೆ ಒಂದು ಡಬ್ಬಿ ನಶ್ಯ ಬಂತು. ಚಳಿಗಾಲದಲ್ಲಿ ಮರಿಯಮ್ಮನಹಳ್ಳಿಯವರೊಬ್ಬರು ಕೌದಿ ಕಳಿಸಿದರು. ಕೌದಿ ನಾನು ಹೊದ್ದುಕೊಂಡೆ, ಕಣ ಗಂಗಾ ಹೊಲಿಸಿಕೊಂಡಳು, ನಶ್ಯ ಹುಲಿಗೆಮ್ಮಕ್ಕನ ಮೂಗಿಗೆ ಹೋಯಿತು. ಆದರೆ ಎದೆಯೊಳಗೆ ಒಂದು ಮುಳ್ಳು. ಬಸ್ಸಿನಲ್ಲಿ ಪಕ್ಕದವರು "ಆ ಹಂಪಿ ಅಜ್ಜಿ ಏನ್ ಕಟ್ತಾಳಲೇ!" ಎಂದು ಹೊಗಳುವಾಗ, ಹುಟ್ಟದೇ ಇರುವ ಮುದುಕಿಯ ಮೇಲೆ ಹೊಟ್ಟೆಕಿಚ್ಚು ಪಟ್ಟವನು ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಇಷ್ಟರಲ್ಲಿ ಇನ್ನೊಂದು ಆಯಿತು. ಕೈ ಹಿಚುಕಿ ನೋಡುವ ಅಭ್ಯಾಸ ಉಳಿದ ಬರಹಕ್ಕೂ ಬಂತು. ನಿವೃತ್ತಿಯಾಗುವ ಒಬ್ಬ ಲೈನ್‌ಮನ್ನರಿಗೆ ಪತ್ರ ಬೇಕಿತ್ತು. ಕರುಣಾಸಿಂಧುವನ್ನು ಪಕ್ಕಕ್ಕಿಟ್ಟು ಅವರ ಮನೆಗೆ ಹೋದೆ. ಅವರ ಹೆಂಡತಿ ಹೇಳಿದರು, "ನಮ್ಮ ಮನ್ಯಾಗ ಬಿಸಿ ಅನ್ನ ಉಂಡಿದ್ದ ಇಲ್ಲ ನೋಡ್ರಿ ಅವ್ರು. ತಾಟಿನ ಮುಂದ ಕುಂದ್ರಾದ ತಡ, ಎಲ್ಲೋ ಕರೆಂಟ್ ಹೋಗಿರ್ತಿತ್ತು." ಅದನ್ನೇ ಬರೆದೆ. ಸಭೆಯಲ್ಲಿ ಆ ಮನುಷ್ಯ ಕನ್ನಡಕ ತೆಗೆದು ಒರೆಸಿಕೊಂಡರು. ಅದನ್ನು ಕೇಳಿದವರು ನನ್ನನ್ನು ಹುಡುಕಿಕೊಂಡು ಬರತೊಡಗಿದರು. ಈಗ ನಾನು ಮೊದಲೇ ಹೇಳುತ್ತಿದ್ದೆ, "ಶಾಲು ಬ್ಯಾಡ್ರಿ, ಮನ್ಯಾಗ ಭಾಳ ಅದಾವು. ಬರದಿದ್ದಕ್ಕ ಇಷ್ಟು ಆಗ್ತೈತಿ." ಹೀಗೆ ಹೇಳುವ ಧೈರ್ಯ ಒಡಪಿನಿಂದ ಬಂತು. ಬಳೆ ಇಡಿಸಿ ಕೈ ಹಿಡಿದೇ ದುಡ್ಡು ಕೇಳುವವಳ ಜೊತೆ ವ್ಯವಹಾರ ಮಾಡಿದ್ದೆನಲ್ಲ!

ಕುಬುಸ ಹತ್ತಿರ ಬಂತು. ಹುಲಿಗೆಮ್ಮಕ್ಕ ಒಂದು ದಿನ ನಗುತ್ತಲೇ ಬಂದಳು.

"ತಮ್ಮಾ, ಕಂಪ್ಲಿಯಿಂದ ಬಂದೈತಿ ಒಂದು. ಗಂಡನ ಹೆಸರು ವಿರೂಪಾಕ್ಷಪ್ಪ. ರೈಸ್ ಮಿಲ್ಲು. ಬರಿತೀಯೋ, ನನ್ನ ಕೈಲಾಗಲ್ಲ ಅಂತ ಅಜ್ಜಿ ಹೇಳಿದ್ಲು ಅನ್ಲೋ?"

ಭಾವನ ಹೆಂಡತಿ ಶಾಂತಮ್ಮನವರು! ಮಗಳ ಕುಬುಸದಲ್ಲಿ ಹೇಳಲು ಗುಟ್ಟಾಗಿ ಹಂಪಿ ಅಜ್ಜಿಗೆ ಹೇಳಿ ಕಳಿಸಿದ್ದರು. ನನ್ನ ಮನಸ್ಸಿನಲ್ಲಿ ಏನೇನು ಸಾಲುಗಳು ಕುಣಿದವು ಎಂಬುದನ್ನು ನೀವೇ ಊಹಿಸಿಕೊಳ್ಳಿ. ಹುಲಿಗೆಮ್ಮಕ್ಕ ನನ್ನ ಮುಖ ನೋಡಿ, "ಕೈ ಹಿಚುಕು, ಮೂಗು ಹಿಚುಕಬ್ಯಾಡ," ಎಂದಳು. ಶಾಂತಮ್ಮನವರು ಹೇಳಿ ಕಳಿಸಿದ್ದು ಒಂದೇ ಮಾತು: ಎಲ್ಲವನ್ನೂ ಕಡಿದು ನೋಡಿ ತರುವವರು, ಮದುವೆಗೆ ಮೊದಲು ನನ್ನನ್ನು ನೋಡಲು ಬಂದೇ ಇರಲಿಲ್ಲ, ಅವ್ವ ಒಪ್ಪಿದರೆ ಸಾಕು ಅಂದರಂತೆ. ನನ್ನ ಸಿಟ್ಟು ಅಲ್ಲೇ ಅರ್ಧ ಇಳಿಯಿತು.

ಕುಬುಸದ ದಿನ ಕಂಪ್ಲಿಯ ಮನೆ ಹೆಣ್ಣುಮಕ್ಕಳಿಂದ ತುಂಬಿತ್ತು. ಹುಲಿಗೆಮ್ಮಕ್ಕ ನಡುವೆ ಕುಳಿತು ಬಸುರಿಗೆ ಹಸಿರು ಬಳೆ ಇಡಿಸುತ್ತಿದ್ದಳು. ಗಂಡಸರು ನಾವು ಪಡಸಾಲೆಯ ಹೊರಗೆ ಕುರ್ಚಿ ಹಾಕಿಕೊಂಡು ಕುಳಿತಿದ್ದೆವು. ಭಾವ ನನ್ನ ಪಕ್ಕಕ್ಕೇ ಇದ್ದರು. "ಏನ್ ವಿಚಾರ ಮಾಡಿದ್ರಿ ಭಾವಾರ?" ಎಂದರು. ಊಟ ಆಗಲಿ, ಹೇಳುತ್ತೇನೆ ಎಂದೆ. ಸಿದ್ಧವಾಗಿ ಬಂದಿದ್ದೆ, ಆಗುವುದಿಲ್ಲ ಎನ್ನುವುದಕ್ಕೆ. ಆದರೆ ಗಂಗಾ ಆ ಕುರ್ಚಿಯನ್ನು ಬಯಸಿದ್ದರೆ? ಅದನ್ನು ಕೇಳುವ ಧೈರ್ಯ ಅಷ್ಟು ದಿನವೂ ನನಗೆ ಬಂದಿರಲಿಲ್ಲ.

ಒಳಗೆ "ಹೆಸರು ಹೇಳು" ಗದ್ದಲ ಎದ್ದಿತು. ಮೊದಲು ಶಾಂತಮ್ಮನವರು.

"ಭತ್ತ ಕಡದು ನೋಡಿ ತಗೊಂತಾರ, ಒಂದು ಕಾಳೂ ಪುಕ್ಕಟೆ ಬಿಡಂಗಿಲ್ಲ,
ನನ್ನ ಮಾತ್ರ ನೋಡ್ದ ತಂದಾರ, ವಿರೂಪಾಕ್ಷಪ್ಪಗ ಲುಕ್ಸಾನ ಆಗಿಲ್ಲ!"

ಮನೆ ಬಿದ್ದುಹೋಗುವಂತೆ ನಕ್ಕರು. ಭಾವ ಮೀಸೆಯೊಳಗೆ ನಗುತ್ತಾ ತಲೆ ತಗ್ಗಿಸಿದರು, ಕಿವಿ ಕೆಂಪಾಗಿದ್ದವು. "ಭಾಳ ಶಾಣ್ಯಾಕಿ ಆಗ್ಯಾಳ," ಎಂದು ನನಗಷ್ಟೇ ಕೇಳುವಂತೆ ಹೇಳಿದರು. ನನ್ನ ಎದೆ ಉಬ್ಬಿತು, ಆದರೆ ಯಾರಿಗೆ ಹೇಳಲಿ?

ಆಗ ಯಾರೋ, "ಗಂಗಕ್ಕಾ, ನೀ ಹೇಳು. ನಿನ್ನ ಗಂಡಂತೂ ಬರಿಯೋರು, ಬರಸ್ಕೊಂಡು ಬಂದೀಯಿಲ್ಲೋ?" ಎಂದು ಕುಟುಕಿದರು. "ನಾನ್ಯಾಕ ಬರಸ್ಕೊಳ್ಳಿ?" ಎಂದಿತು ಗಂಗಾಳ ದನಿ. ಹೇಳಿಯೇ ಬಿಟ್ಟಳು:

"ಕೊಡ ತುಂಬಿ ಹರದ್ರೂ ನೋಡಂಗಿಲ್ಲ, ಮಾತಿಗಿ ಮಾತು ಪೋಣಸ್ತಾರ,
ಹಂಪಿ ಅಜ್ಜಿ ಅಂತ ಹೆಸರಿಟ್ಕೊಂಡು ಊರ ಹೆಣ್ಮಕ್ಕಳನ್ನ ನಗಸ್ತಾರ,
ಅಣ್ಣಾ, ನಿನ್ನ ಮಿಲ್ಲಿನ ಕುರ್ಚಿ ಬ್ಯಾರೆಯವ್ರಿಗಿ ಹಾಕು,
ಬರದು ತಂದ ಅಕ್ಕಿ ಉಂಡೀನಿ, ಅದ ನನಗ ಸಾಕು..."

ಕೊನೆಯಲ್ಲಿ ನನ್ನ ಹೆಸರು ಇತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ. ಅವಳ ಬಾಯಲ್ಲಿ ಕೇಳಿದ ಹಾಗೆ ಈ ಕಾಗದದ ಮೇಲೆ ಕಾಣುವುದಿಲ್ಲ.

ಒಬ್ಬಳು, "ಅಯ್ಯ ನಮ್ಮವ್ವ, ಹಂಪಿ ಅಜ್ಜಿ ಅಂದ್ರ ಇವ್ರಾ? ನಾ ನಶ್ಯ ಕಳಿಸಿದ್ದೆನಲ್ಲೇ!" ಎಂದಳು. ಇನ್ನೊಬ್ಬಳು ಸೆರಗು ಬಾಯಿಗೆ ಹಾಕಿಕೊಂಡಳು. ಹುಲಿಗೆಮ್ಮಕ್ಕ ಮಾತ್ರ, "ನನ್ನ ಬ್ಯಾಪಾರ ಕೆಡಸಿದ್ಯಲ್ಲೇ ಗಂಗಾ!" ಎಂದು ಕೂಗುತ್ತಲೇ ಎಲ್ಲರಿಗಿಂತ ಜೋರಾಗಿ ನಕ್ಕಳು. ನಾನು ಕುರ್ಚಿಯಲ್ಲಿ ಎಲ್ಲಿ ನೋಡಬೇಕೋ ತಿಳಿಯದೆ ನನ್ನ ಚಪ್ಪಲಿಯನ್ನೇ ನೋಡುತ್ತಿದ್ದೆ. ಇಷ್ಟು ದಿನ ಬೆಳಗ್ಗೆ ಬೆಳಗ್ಗೆ ಕೊಡ ಎತ್ತುತ್ತಾ ಅವಳು ಕಲಿತದ್ದು ನನಗೆ ಗೊತ್ತೇ ಇರಲಿಲ್ಲ. ಅವಳದರಲ್ಲಿ ಒಂದು ಸಾಲೂ ಕುಂಟುತ್ತಿರಲಿಲ್ಲ.

ಭಾವ ನನ್ನ ಕಡೆ ತಿರುಗಿದರು. "ಹಂಗಾರ ನಮ್ಮಾಕಿ ಹೇಳಿದ್ದೂ..."

"ಹೂಂನ್ರಿ."

ಅವರು ಸ್ವಲ್ಪ ಹೊತ್ತು ಹಲ್ಲಿನ ನಡುವೆ ಇಲ್ಲದ ಕಾಳನ್ನು ಕಡಿದರು. ಆಮೇಲೆ, "ನಮ್ಮ ಅಕ್ಕಿ ಚೀಲದ ಮ್ಯಾಲ ಬರೀ ಹೆಸರಷ್ಟ ಐತಿ. ಎರಡು ಮಾತು ಬೇಕಿತ್ತು. ಬರಕೊಡ್ತೀರೇನು?" ಎಂದರು.

"ಬರಕೊಡ್ತೀನ್ರಿ. ಶಾಲು ಮಾತ್ರ ಬ್ಯಾಡ."

"ಶಾಲು ಯಾರು ಕೊಡ್ತಾರ ಮಾರಾಯ! ರೇಟ್ ಹೇಳ್ರಿ." ಹೇಳಿದೆ. ಚೌಕಾಸಿ ಮಾಡಿದರು. ನಾನು ಇಳಿಯಲಿಲ್ಲ. ಆ ಚೀಲಗಳು ಈಗಲೂ ಕಂಪ್ಲಿಯಿಂದ ಲಾರಿ ಹತ್ತುತ್ತವೆ. ದಾರಿಯಲ್ಲಿ ಕಂಡರೆ ನಿಂತು ಓದುತ್ತೇನೆ.

ಅಜ್ಜಿ ಸತ್ತಳು, ವ್ಯಾಪಾರ ಸಾಯಲಿಲ್ಲ. ಅಂಗಡಿ, ಹೋಟೆಲ್ಲು, ಹಂಪಿಯ ಕಲ್ಲುಗಳ ನಡುವೆ ಮದುವೆ ಜೋಡಿಗಳ ಫೋಟೊ ತೆಗೆಯುವವರು, ಎಲ್ಲರಿಗೂ ಮಾತು ಬೇಕು. ಹುಡುಗಿಯರು ಈಗ ತಾವೇ ಮೊಬೈಲಿನಲ್ಲಿ ದನಿ ಕಳಿಸಿ ಗಂಡಂದಿರ ಚಾಡಿ ಹೇಳುತ್ತಾರೆ. ಮೇಲಿನ ಕೋಣೆ ಎದ್ದದ್ದು ಅದರಿಂದ. ಪೆಟ್ಟಿಗೆಯಲ್ಲಿ ಸಿಕ್ಕ ಈ ಬಳೆ ಅವತ್ತು ಹುಲಿಗೆಮ್ಮಕ್ಕ ನನ್ನ ಕೈಯಲ್ಲಿ ಇಟ್ಟುಹೋದದ್ದು, ಕುಬುಸದಲ್ಲಿ ಉಳಿದದ್ದು. "ಅಜ್ಜಿಗೆ ಕೊಡು," ಎಂದಿದ್ದಳು.

"ಏನ್ರಿ, ನಳ ಬಂದೈತಿ!" ಗಂಗಾ ಮತ್ತೆ ಕೂಗಿದಳು. ಒಲೆಯ ಮೇಲೆ ಏನೋ ಇಟ್ಟಿದ್ದಳು, ಬರಲಾಗಲಿಲ್ಲ.

ಬಳೆಯನ್ನು ಕಿಸೆಯಲ್ಲಿಟ್ಟು ಕೆಳಗಿಳಿದು ಕಟ್ಟೆಯ ಮೇಲೆ ಕುಳಿತೆ. ಗಂಗಾ ಎಂಬ ಹೆಸರಿಗೆ ಹೊಳೆ, ತೀರ್ಥ, ಶಿವನ ಜಟೆ, ಎಲ್ಲ ಹಳೆಯ ಕ್ವಾಟಿ ಬಾಗಿಲುಗಳು ಸಾಲಾಗಿ ಬಂದು ನಿಂತವು. ಒಂದೂ ತೆರೆಯಲಿಲ್ಲ. ಅಷ್ಟರಲ್ಲಿ ಕೊಡ ತುಂಬಿತು. ಇವತ್ತು ಚೆಲ್ಲಲು ಬಿಡಲಿಲ್ಲ. ಎದ್ದು ಎರಡೂ ಕೈ ಹಾಕಿ ಎತ್ತಿದೆ. ಸೊಂಟ ಹಿಡಿಯಿತು. ಅಡುಗೆಮನೆಯವರೆಗೆ ಹೋಗುವಷ್ಟರಲ್ಲಿ ಕೊಡದ ಕಂಠದ ಅಂಚು ಅಂಗೈಯಲ್ಲಿ ಕೆಂಪು ಗೆರೆ ಎಳೆದಿತ್ತು. ಅಂಥದ್ದೇ ಗೆರೆ ದಿನವೂ ಬಿದ್ದು ಬಿದ್ದು ಗಂಗಾಳ ಕೈ ಗಟ್ಟಿಯಾಗಿ ಹೋಗಿದೆ. ಅದರ ಪಕ್ಕದಲ್ಲೇ ಕುಳಿತು ನಾನು ಊರವರ ಕೈಗಳನ್ನೆಲ್ಲ ಹಿಚುಕಿ ನೋಡಿದ್ದೆ.

"ಅಯ್ಯ, ಇದೇನ್ರಿ ಇವತ್ತು?" ಎಂದಳು ಗಂಗಾ, ಸೌಟು ಹಿಡಿದುಕೊಂಡೇ.

"ಏನಿಲ್ಲ. ಕೈ ಅಳತಿ ನೋಡಾಕತ್ತೀನಿ."

ಮೊದಲ ಸಾಲು ಸಿಕ್ಕಿತ್ತು. ಬರೆದುಕೊಳ್ಳಲು ಮೇಲೆ ಹೋಗಲಿಲ್ಲ. ಹೊರಗೆ ಬಂದು ಇನ್ನೊಂದು ಖಾಲಿ ಕೊಡವನ್ನು ನಳದ ಕೆಳಗೆ ಇಟ್ಟೆ.